ಐದು ಸ್ಪೀಕರ್ ಶೋಕೇಸಿನಲ್ಲಿ, ಅವ್ವ ಕಟ್ಟೆಯ ಮೇಲೆ

ಸುದ್ದಿ ಹುಡುಕಿಕೊಂಡು ಹಾವೇರಿ ಜಿಲ್ಲೆಯ ಹಳ್ಳಿ ಸುತ್ತುವ ನಮಗೆ ದಿನಕ್ಕೆ ಎರಡು ಮೂರು ಮನೆಯಲ್ಲಾದರೂ ಚಹಾ ಸಿಗುತ್ತದೆ. ಬೆಳೆ ವಿಮೆ ಬಂತೋ ಇಲ್ಲವೋ ಎಂದು ಕೇಳಲು ಹೋದರೂ ಕಣ್ಣು ಪಡಸಾಲೆಯ ಗೋಡೆ ಮೇಲೆ ಓಡಾಡುತ್ತದೆ. ಈಗೀಗ ಬಹಳ ಮನೆಗಳಲ್ಲಿ ಒಂದೇ ನೋಟ. ಗೋಡೆಗೆ ದೊಡ್ಡ ಟಿವಿ. ಕೆಳಗೆ ಶೋಕೇಸು. ಅದರಲ್ಲಿ ಹೋಮ್ ಥಿಯೇಟರ್‌ನ ಐದು ಸ್ಪೀಕರ್‌ಗಳು, ಶಾಲೆಯ ಗ್ರೂಪ್ ಫೋಟೋಕ್ಕೆ ನಿಂತ ಮಕ್ಕಳ ಹಾಗೆ ಒಂದರ ಪಕ್ಕ ಒಂದು. ನೆಲದ ಮೇಲೆ ನೀಲಿ ದೀಪ ಮಿನುಗಿಸುವ ವೂಫರ್ ಡಬ್ಬಿ. ಅದರ ತಲೆ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ.

ಐದು ಸ್ಪೀಕರ್ ಕೊಡುವುದು ಕೂತವರ ಸುತ್ತ ಇಡಲಿ ಎಂದು. ಐದನ್ನೂ ಒಂದೇ ಕಡೆ ನಿಲ್ಲಿಸಿದರೆ ಐದರ ದುಡ್ಡು ಕೊಟ್ಟು ಎರಡರ ಕೆಲಸ ಮಾಡಿಸಿಕೊಂಡಂತೆ. ಆದರೆ ಯಾರನ್ನೂ ನೋಡಿ ನಗುವ ಹಕ್ಕು ನಮಗಿಲ್ಲ. ನಮ್ಮ ಮನೆಯಲ್ಲೂ ಮೂರು ವರ್ಷ ಇದೇ ಗ್ರೂಪ್ ಫೋಟೋ ಇತ್ತು. ಆ ಮೂರು ವರ್ಷದಲ್ಲಿ ನಾವು ಮಾಡಿದ ತಪ್ಪು ದುಡ್ಡಿನದಷ್ಟೇ ಅಲ್ಲ. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇವೆ.

ಗೋವಿನಜೋಳದ ರೊಕ್ಕ, ಹತ್ತು ಸಾವಿರ ವ್ಯಾಟ್

ಗೋವಿನಜೋಳದ ರೊಕ್ಕ ಕೈಗೆ ಬಂದ ವಾರ ಪೇಟೆಯ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯ ಹುಡುಗ ಒಂದು ಹಾಡು ಹಚ್ಚಿದ. ಶಟರ್ ಗಡಗಡ ಅಂತು, ಎದೆ ಝುಮ್ ಅಂತು. "ಸರ, ಇದು ಹತ್ತು ಸಾವಿರ ವ್ಯಾಟ್ ಐತ್ರಿ. ಓಣಿಗೆಲ್ಲ ಕೇಳಸ್ತೈತಿ" ಎಂದ. ಡಬ್ಬಿಯ ಮೇಲೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆದಿತ್ತು. 14,500 ರೂಪಾಯಿ ಎಣಿಸಿ ಕೊಟ್ಟು, ಡಬ್ಬಿಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದೆವು.

ನಾಲ್ಕು ದಿನ ಓಣಿಯ ಹುಡುಗರ ಜಾತ್ರೆ. ಐದನೇ ದಿನ ಸಂಜೆ ಅವ್ವ ತನ್ನ ಧಾರಾವಾಹಿ ನೋಡಲು ಕೂತಳು. ಹತ್ತು ನಿಮಿಷಕ್ಕೆ, "ತಮ್ಮಾ, ಸೌಂಡ್ ಭಾಳ ಬರ್ತೈತಿ, ಮಾತೊಂದೂ ತಿಳಿವಲ್ದು" ಎಂದಳು. ನಾವು ಏನು ಮಾಡಿದೆವು? ಸೌಂಡ್ ಇನ್ನೂ ಏರಿಸಿದೆವು. ಅವ್ವ ಸೆರಗಿನಿಂದ ಕಿವಿ ಮುಚ್ಚಿಕೊಂಡು ಎದ್ದು ಹೊರಗಿನ ಕಟ್ಟೆಗೆ ಹೋದಳು. ಮರುದಿನವೂ ಹೋದಳು. ಆಮೇಲೆ ಅದೇ ರೂಢಿಯಾಯಿತು. ಒಳಗೆ ನಾವು, ಹೊರಗೆ ಅವ್ವ.

"ಅವ್ವಗ ಕಿವಿ ಮಂದ ಆಗ್ಯಾವ" ಎಂದು ಮನೆಮಂದಿಯೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟೆವು. ಬಂದವರ ಮುಂದೆಯೂ ಹಾಗೇ ಹೇಳಿದೆವು. ಡಬ್ಬಿಯ ತಪ್ಪನ್ನು ಅವ್ವನ ಕಿವಿಯ ಮೇಲೆ ಹಾಕಿದೆವು.

ಒಂದು ದಿನ ಮನೆಯ ಹುಡುಗ ರಿಮೋಟಿನಲ್ಲಿ ಆಟವಾಡುತ್ತ ಬಾಸ್ ಪೂರ್ತಿ ಇಳಿಸಿದ್ದ. ನಮಗೆ ಗೊತ್ತೇ ಇರಲಿಲ್ಲ. ಟಿವಿ ನಡೆಯುತ್ತಿತ್ತು. ಕಟ್ಟೆಯ ಮೇಲೆ ಕೂತಿದ್ದ ಅವ್ವ ಹೊಸ್ತಿಲ ತನಕ ಬಂದು ನಿಂತಳು. "ಇವತ್ತ ಮಾತು ತಿಳಿಯಾಕತ್ತೈತಲ್ಲ?" ಎಂದಳು.

ಅವತ್ತು ನಮ್ಮ ತಲೆ ತಿರುಗಿತು.

ಸ್ವರ ಕೇಳುತ್ತದೆ, ವ್ಯಂಜನ ಕೇಳುವುದಿಲ್ಲ

ಇದರ ಹಿಂದಿನ ಕಾರಣ ಕಷ್ಟದ್ದೇನಲ್ಲ. ಒಂದನೇ ತರಗತಿಯ ಕಾಗುಣಿತ ನೆನಪಿದ್ದರೆ ಸಾಕು. ಅ, ಆ, ಒ, ಓ ಇವುಗಳ ಬಲ ಹೆಚ್ಚಾಗಿ ತಗ್ಗಿನ ದನಿಯಲ್ಲಿರುತ್ತದೆ. ಸ, ಶ, ಚ, ತ, ಕ ಇವುಗಳ ಗುರುತು ಸಿಗುವುದು ಏರುದನಿಯ ಸಣ್ಣ ಸದ್ದಿನಲ್ಲಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಈ ಏರುದನಿಯನ್ನೇ. ಅದರ ಮೇಲೆ ವೂಫರ್ ಢಬಢಬ ಎಂದು ತಗ್ಗಿನ ಸದ್ದು ಸುರಿದರೆ ಉಳಿದಿದ್ದ ಅಷ್ಟಿಷ್ಟು ವ್ಯಂಜನವೂ ಮುಳುಗಿ ಹೋಗುತ್ತದೆ. ಸೌಂಡ್ ಏರಿಸಿದರೆ ಢಬಢಬವೂ ಜೊತೆಗೇ ಏರುತ್ತದೆ. ಅವ್ವ ಹೇಳಿದ್ದು ಅಕ್ಷರಶಃ ಖರೆ. ಸೌಂಡ್ ಭಾಳ, ಮಾತು ಇಲ್ಲ.

ಅವ್ವನ ಕಿವಿಯಲ್ಲಿ ವಯಸ್ಸಿನ ತೊಂದರೆ ಸ್ವಲ್ಪ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಕಿವಿಗೂ ಕೇಳುವಂತೆ ಸ್ಪೀಕರ್ ಇಡಲು ಬರುತ್ತದೆ. ಅದಕ್ಕೆ ದೊಡ್ಡ ಡಬ್ಬಿ ಬೇಕಾಗಿಲ್ಲ. ನಮ್ಮ ಅನಿಸಿಕೆ ಇಷ್ಟೇ: ಹಳ್ಳಿ ಮನೆಯ ಪಡಸಾಲೆಗೆ ಸಣ್ಣ ಸ್ಪೀಕರ್ ಸೆಟ್ಟೇ ಸರಿ. ಅದನ್ನು ವ್ಯಾಟ್ ನೋಡಿ ಕೊಳ್ಳಬಾರದು, ಮಾತು ಕೇಳಿ ಕೊಳ್ಳಬೇಕು. ಕೊಂಡ ಮೇಲೆ ಶೋಕೇಸಿನಲ್ಲಿ ಇಡದೆ ಇಡಬೇಕಾದ ಜಾಗದಲ್ಲಿ ಇಡಬೇಕು.

ನಡುವಿನ ಮೈಕು

ಮದುವೆ, ಜಾತ್ರೆಗೆ ಮೈಕ್‌ಸೆಟ್ ಹಾಕುವ ನಮ್ಮ ಕಾಕಾ ಒಬ್ಬರಿದ್ದಾರೆ. ಐದು ಸ್ಪೀಕರ್‌ನ ಲೆಕ್ಕವನ್ನು ನಮಗೆ ತಿಳಿಸಿದ್ದು ಅವರೇ. "ಕಂಪನಿ ನಾಟಕದಾಗ ಸ್ಟೇಜಿನ ನಡುವ ಒಂದು ಮೈಕ್ ಜೋತಾಡ್ತಿತ್ತಲ್ಲ? ಯಾವ ಪಾತ್ರ ಆದರೂ ಅದರ ಕೆಳಗ ಬಂದು ನಿಂತು ಮಾತಾಡ್ತಿತ್ತು. ನಿಮ್ಮ ಟಿವಿ ಕೆಳಗಿನ ನಡುವಿನ ಸ್ಪೀಕರ್ ಅಂದ್ರ ಅದು" ಎಂದರು.

5.1 ಎಂದರೆ ಐದು ಸ್ಪೀಕರ್, ಒಂದು ವೂಫರ್. ಎದುರಿಗೆ ಎಡ, ನಡು, ಬಲ ಎಂದು ಮೂರು. ಕೂತವರ ಅಕ್ಕಪಕ್ಕ ಎರಡು. ಇವೆರಡನ್ನೇ ಸರೌಂಡ್ ಎನ್ನುವುದು. ಪಾಯಿಂಟ್ ಒಂದು ಎಂಬುದು ಗುಡುಗು, ಸ್ಫೋಟದಂಥ ತಗ್ಗಿನ ಸದ್ದಿನ ದಾರಿ, ಅದು ವೂಫರ್‌ಗೆ. 1992ರಲ್ಲಿ ಡಾಲ್ಬಿ ಡಿಜಿಟಲ್ ಸಿನಿಮಾ ಥಿಯೇಟರ್‌ಗೆ ಬಂದಾಗಿನಿಂದ ಈ ಲೆಕ್ಕ ನಡೆದುಕೊಂಡು ಬಂದಿದೆ.

ಸಿನಿಮಾದ ಮಾತು ಬಹುಪಾಲು ಬರುವುದು ನಡುವಿನ ಸ್ಪೀಕರ್‌ನಿಂದ. ಮಳೆ, ಹಕ್ಕಿ, ಜನರ ಗದ್ದಲ, ಹಾಡಿನ ಒಂದಿಷ್ಟು ಗುಂಗು, ಇವು ಅಕ್ಕಪಕ್ಕದವುಗಳಿಂದ. ಅಂದರೆ ಸರೌಂಡ್ ಸ್ಪೀಕರ್‌ಗೆ ಹೊರುವ ಭಾರ ಕಡಿಮೆ. ಅವು ಅಂಗೈಗಿಂತ ಸ್ವಲ್ಪ ದೊಡ್ಡದಿದ್ದರೂ ನಡೆಯುತ್ತದೆ. ಬಜೆಟ್ ಸಣ್ಣದಿದ್ದರೆ ದುಡ್ಡು ಹೋಗಬೇಕಾದ್ದು ಮೊದಲು ನಡುವಿನದಕ್ಕೆ, ಆಮೇಲೆ ಎಡಬಲಕ್ಕೆ, ಕೊನೆಗೆ ಸರೌಂಡ್‌ಗೆ. ಪೇಟೆಯಲ್ಲಿ ಮಾರುವ ಸೆಟ್ಟುಗಳಲ್ಲಿ ಇದು ಉಲ್ಟಾ. ದುಡ್ಡೆಲ್ಲ ವೂಫರ್ ಡಬ್ಬಿಗೂ ಬಣ್ಣದ ದೀಪಕ್ಕೂ ಹೋಗಿರುತ್ತದೆ.

ಸಣ್ಣದು ಎಂದರೆ ಎಷ್ಟು ಸಣ್ಣದು? ಇಲ್ಲಿ ಒಂದು ಎಚ್ಚರ ಬೇಕು. ಗಂಡಸರ ದನಿಯ ಬುಡ ಸುಮಾರು 85ರಿಂದ 180 ಹರ್ಟ್ಜ್ ನಡುವೆ ಇರುತ್ತದೆ. ಹೆಂಗಸರದು ಸುಮಾರು 165ರಿಂದ 255. ಸ್ಪೀಕರ್ ತೀರಾ ಸಣ್ಣದಾದರೆ, ಎರಡು ಇಂಚಿನ ಕೋನಿನದಾದರೆ, ಅದಕ್ಕೆ ಈ ಬುಡ ಎತ್ತಲು ಆಗುವುದಿಲ್ಲ. ಆಗ ಸೆಟ್ಟು ಆ ಭಾಗವನ್ನು ವೂಫರ್‌ಗೆ ಕಳಿಸುತ್ತದೆ. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ತಿಳಿಯುವುದು ಕಷ್ಟ, ಹಾಗಾಗಿ ವೂಫರ್ ಎಲ್ಲಿದ್ದರೂ ನಡೆಯುತ್ತದೆ. ಆದರೆ ಮಾತಿನ ಬುಡ ಅಲ್ಲಿಗೆ ಹೋದರೆ ದಿಕ್ಕು ತಿಳಿದುಬಿಡುತ್ತದೆ. ನಾಯಕ ಟಿವಿಯಲ್ಲಿ ಬಾಯಿ ತೆರೆದರೆ ಅವನ ದನಿಯ ಅರ್ಧ ಮೂಲೆಯ ಡಬ್ಬಿಯಿಂದ ಬರುತ್ತದೆ. ಅದಕ್ಕೆ ನಡುವಿನ ಸ್ಪೀಕರ್‌ಗೆ ಮೂರು ಇಂಚು ಅಥವಾ ಅದಕ್ಕೂ ದೊಡ್ಡ ಕೋನು ಇರಲಿ. ಸರೌಂಡ್‌ಗೆ ಅಷ್ಟು ಹಟ ಬೇಡ.

ವ್ಯಾಟ್ ಎಂಬ ಸಂತೆ ಲೆಕ್ಕ

ಡಬ್ಬಿಯ ಮೇಲಿನ ಹತ್ತು ಸಾವಿರ ವ್ಯಾಟ್ ಎಲ್ಲಿಂದ ಬಂತು? ಅದರ ಮುಂದೆ ಸಣ್ಣಕ್ಷರದಲ್ಲಿ ಪಿಎಂಪಿಒ ಎಂದಿರುತ್ತದೆ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಅಳತೆಗೋಲೇ ಇಲ್ಲ, ಮಾರುವವರು ಬರೆದದ್ದೇ ಲೆಕ್ಕ. ನಂಬಬೇಕಾದ್ದು ಆರ್‌ಎಂಎಸ್ ಎಂದು ಬರೆದ ಸಂಖ್ಯೆಯನ್ನು. ಅದರ ಮೇಲೂ ಅನುಮಾನ ಇದ್ದರೆ ಡಬ್ಬಿಯ ಬೆನ್ನು ತಿರುಗಿಸಿ ನೋಡಿ. ಕರೆಂಟು ಎಷ್ಟು ಎಳೆಯುತ್ತದೆ ಎಂದು ಬರೆದಿರುತ್ತದೆ. ನಮ್ಮ ಹತ್ತು ಸಾವಿರ ವ್ಯಾಟಿನ ಸೆಟ್ಟಿನ ಬೆನ್ನಿಗೆ 60 ವ್ಯಾಟ್ ಎಂದಿತ್ತು. ಬಾವಿಯಲ್ಲಿ 60 ಕೊಡ ನೀರಿದ್ದರೆ ಹೊಲಕ್ಕೆ ಹತ್ತು ಸಾವಿರ ಕೊಡ ಹರಿಸಲು ಬರುತ್ತದೆಯೇ?

ಇನ್ನೊಂದು ಮಾತು. ವ್ಯಾಟ್ ಎರಡು ಪಟ್ಟು ಮಾಡಿದರೆ ಸೌಂಡ್ ಎರಡು ಪಟ್ಟು ಆಗುವುದಿಲ್ಲ. ಬರೀ 3 ಡೆಸಿಬಲ್ ಏರುತ್ತದೆ, ಕಿವಿಗೆ ಸ್ವಲ್ಪ ಹೆಚ್ಚಾದಂತೆ ಅನಿಸುತ್ತದೆ, ಅಷ್ಟೇ. ಕಿವಿಗೆ ಎರಡು ಪಟ್ಟು ಅನಿಸಬೇಕೆಂದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಇಬ್ಬರು ಮಾತಾಡುವ ಸದ್ದು 60 ಡೆಸಿಬಲ್ ಆಸುಪಾಸು. ಸಾಧಾರಣ ಸಣ್ಣ ಸ್ಪೀಕರ್ ಒಂದೇ ವ್ಯಾಟಿಗೆ, ಒಂದು ಮೀಟರ್ ದೂರದಲ್ಲಿ, ಸುಮಾರು 85 ಡೆಸಿಬಲ್ ಸದ್ದು ಮಾಡಬಲ್ಲದು. 12 ಅಡಿಗೆ 16 ಅಡಿಯ ಪಡಸಾಲೆಗೆ ಸಾಚಾ ಆರ್‌ಎಂಎಸ್ ಲೆಕ್ಕದ 15–20 ವ್ಯಾಟಿನ ಸ್ಪೀಕರ್‌ಗಳು ಧಾರಾಳ. ಹತ್ತು ಸಾವಿರ ವ್ಯಾಟ್ ಖರೆಯೇ ಆಗಿದ್ದರೆ ಮನೆಯ ಹಂಚು ಉಳಿಯುತ್ತಿರಲಿಲ್ಲ.

ಐದು ದಾರಿ ಬರುತ್ತಿದೆಯೇ?

ಬಹಳ ಮಂದಿ ತಪ್ಪುವುದು ಇಲ್ಲಿ. ಸ್ಪೀಕರ್ ಐದಿದ್ದರೂ ಒಳಗೆ ಬರುವ ಸದ್ದು ಎರಡೇ ದಾರಿಯದಾಗಿದ್ದರೆ ಐದು ದಾರಿ ಹುಟ್ಟುವುದಿಲ್ಲ. ಸೆಟ್ಟು ಇದ್ದ ಎರಡನ್ನೇ ಐದಕ್ಕೂ ಹಂಚುತ್ತದೆ. ಮೊಬೈಲ್‌ನಿಂದ ಬ್ಲೂಟೂತ್ ಮೂಲಕ ಹಚ್ಚಿದರೆ ಎರಡು ದಾರಿ. ಕೆಂಪು–ಬಿಳಿ ಪಿನ್ನಿನ ವಯರ್ ಅಥವಾ ಆಕ್ಸ್ ವಯರ್ ಒಂದೇ ಚುಚ್ಚಿದರೂ ಎರಡೇ. ಯೂಟ್ಯೂಬ್‌ನ ಹೆಚ್ಚಿನ ವಿಡಿಯೋಗಳೂ ಎರಡು ದಾರಿಯವೇ.

ಐದು ದಾರಿ ಬರಬೇಕಾದರೆ ಮೂರೂ ಕೂಡಿ ಬರಬೇಕು. ಸಿನಿಮಾದ ಮಾಹಿತಿಯಲ್ಲಿ 5.1 ಎಂದಿರಬೇಕು. ಟಿವಿಯಿಂದ ಸೆಟ್ಟಿಗೆ ಎಚ್‌ಡಿಎಂಐ ಎಆರ್‌ಸಿ ಎಂದು ಬರೆದ ಕಿಂಡಿಯಿಂದ ಅಥವಾ ಆಪ್ಟಿಕಲ್ ಕಿಂಡಿಯಿಂದ ವಯರ್ ಬರಬೇಕು. ಸೆಟ್ಟಿನೊಳಗೆ ಡಾಲ್ಬಿ ಡಿಜಿಟಲ್ ಬಿಡಿಸುವ ಶಕ್ತಿ ಇರಬೇಕು, ಅದು ಡಬ್ಬಿಯ ಮೇಲೆ ಬರೆದಿರುತ್ತದೆ. ಇಷ್ಟೆಲ್ಲ ಇದ್ದೂ ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಪಿಸಿಎಂ ಎಂದಿದ್ದರೆ ಮತ್ತೆ ಎರಡೇ ದಾರಿ ಬರುವುದು ಹೆಚ್ಚು. ಅಲ್ಲಿ ಬಿಟ್‌ಸ್ಟ್ರೀಮ್ ಅಥವಾ ಆಟೋ ಎಂದು ಬದಲಿಸಿ.

ನಿಮ್ಮ ಮನೆಯಲ್ಲಿ ನೋಡುವುದು ಧಾರಾವಾಹಿ, ಸುದ್ದಿ, ಯೂಟ್ಯೂಬ್ ಇಷ್ಟೇ ಆಗಿದ್ದರೆ ನಮ್ಮ ಮಾತು ಕೇಳಿ, ಐದು ಸ್ಪೀಕರ್ ಬೇಡವೇ ಬೇಡ. ಅದೇ ದುಡ್ಡಿಗೆ ಎರಡು ಒಳ್ಳೆಯ ಸಣ್ಣ ಸ್ಪೀಕರ್ ತನ್ನಿ. ಟಿವಿಯ ಎರಡೂ ಬದಿಗೆ ಇಡಿ. ಮಾತು ಸ್ಪಷ್ಟ ಕೇಳುತ್ತದೆ, ವಯರ್‌ನ ಗೋಜಲೂ ಇಲ್ಲ. ಸಿನಿಮಾ ನೋಡುವ ಮನೆ ಆಗಿದ್ದರೆ ಮಾತ್ರ ಮುಂದೆ ಓದಿ. ಆ ಆಸೆಯನ್ನು ನಾವು ಹಗುರ ಮಾಡುವುದಿಲ್ಲ. ನಮ್ಮ ತಾಲ್ಲೂಕಿನ ಟಾಕೀಸು ಮುಚ್ಚಿ ಈಗ ಅಲ್ಲಿ ಮದುವೆ ಊಟ ನಡೆಯುತ್ತದೆ. ಸಿನಿಮಾ ಎಂದರೆ ಈಗ ಪಡಸಾಲೆಯೇ.

ಅಟ್‌ಮಾಸ್ ಎಂಬ ಹೆಸರಿಗೂ ಒಂದು ಮಾತು. 2012ರಲ್ಲಿ ಥಿಯೇಟರ್‌ಗೆ ಬಂದ ಈ ಪದ್ಧತಿಯಲ್ಲಿ ತಲೆ ಮೇಲಿನಿಂದಲೂ ಸದ್ದು ಬರುತ್ತದೆ. ಮನೆಗೆ ಮಾರುವ ಎಷ್ಟೋ ಸೆಟ್ಟುಗಳು ಸದ್ದನ್ನು ಮೇಲಕ್ಕೆ ಎಸೆದು, ಚಾವಣಿಗೆ ಬಡಿದು ಕೆಳಗೆ ಬರುವಂತೆ ಮಾಡುತ್ತವೆ. ಅದಕ್ಕೆ ಸಪಾಟಾದ ಗಟ್ಟಿ ಆರ್‌ಸಿಸಿ ಚಾವಣಿ ಬೇಕು. ಹಂಚಿನ ಇಳಿಜಾರು ಮನೆಗೆ, ಜಂತಿ ಮನೆಗೆ ಅದು ಕೂಡಿ ಬರುವುದಿಲ್ಲ. ಆ ಹೆಸರಿಗೆಂದು ಹೆಚ್ಚಿನ ದುಡ್ಡು ಕೊಡಬೇಡಿ.

ಎರಡೂ ಕೈ ಅಗಲಿಸಿ

ಸ್ಪೀಕರ್ ಇಡುವ ಜಾಗಕ್ಕೆ ಟೇಪು ಬೇಡ, ನಿಮ್ಮ ಮೈಯೇ ಸಾಕು. ಟಿವಿಗೆ ಮುಖ ಮಾಡಿ, ದಿನಾ ಕೂರುವ ಜಾಗದಲ್ಲಿ ಕೂತುಕೊಳ್ಳಿ. ಎರಡೂ ಕೈ ಪಕ್ಕಕ್ಕೆ ಚಾಚಿ. ಬೆರಳು ತೋರಿಸುವ ಕಡೆ, ಅಥವಾ ಅದಕ್ಕಿಂತ ಸ್ವಲ್ಪ ಹಿಂದೆ, ಎರಡೂ ಗೋಡೆಗೆ ಸರೌಂಡ್ ಸ್ಪೀಕರ್ ಬರಬೇಕು. ಎದುರಿನ ಮೂಲೆಗಲ್ಲ, ಶೋಕೇಸಿಗಲ್ಲ.

ಎತ್ತರದಲ್ಲಿ ನಮ್ಮ ಮನೆಗಳ ಲೆಕ್ಕ ಬೇರೆ. ಕಂಪನಿಯ ಪುಸ್ತಕದಲ್ಲಿ ಸೋಫಾದ ಚಿತ್ರ ಇರುತ್ತದೆ. ನಾವು ಕೂರುವುದು ಜಮಖಾನೆ ಹಾಸಿದ ನೆಲದ ಮೇಲೆ. ನೆಲದ ಮೇಲೆ ಕೂತವರ ಕಿವಿ ಎರಡೂವರೆ ಅಡಿ ಎತ್ತರದಲ್ಲಿದ್ದರೆ, ಮಂಚದ ಮೇಲೆ ಕೂತ ಅವ್ವನ ಕಿವಿ ಮೂರೂವರೆ, ನಾಲ್ಕು ಅಡಿ. ಸರೌಂಡ್ ಸ್ಪೀಕರ್ ಕೂತವರ ಕಿವಿಗಿಂತ ಅಡಿ, ಎರಡಡಿ ಮೇಲಿರಬೇಕು. ಐದಡಿಗೆ ಮೊಳೆ ಹೊಡೆದು, ಮುಖ ಸ್ವಲ್ಪ ಕೆಳಗೆ ಬಾಗಿಸಿದರೆ ಇಬ್ಬರಿಗೂ ಹೊಂದುತ್ತದೆ. ಕಿವಿಯ ಮಟ್ಟಕ್ಕೇ ಇಟ್ಟರೆ ಗೋಡೆಗೆ ಒರಗಿ ಕೂತವರಿಗೆ ಅದೊಂದೇ ಸ್ಪೀಕರ್ ಕೇಳುತ್ತದೆ. ಬೆನ್ನಿನಲ್ಲಿ ತೂತಿರುವ ಸ್ಪೀಕರ್ ಗೋಡೆಗೆ ಅಂಟಿಸಿದರೆ ಸದ್ದು ಗುಂಯ್‌ಗುಡುತ್ತದೆ. ತೂತು ಮುಂದಿರುವುದನ್ನೋ, ತೂತೇ ಇಲ್ಲದ್ದನ್ನೋ ಆರಿಸಿ.

ನಡುವಿನ ಸ್ಪೀಕರ್ ಟಿವಿಗೆ ಆದಷ್ಟು ಹತ್ತಿರ ಇರಲಿ. ನಮ್ಮ ಕಡೆ ಮಕ್ಕಳ ಕೈಗೆ ಸಿಗದಿರಲಿ ಎಂದು ಟಿವಿಯನ್ನು ಎತ್ತರಕ್ಕೆ ಹಾಕುತ್ತಾರೆ. ಹಾಗಿದ್ದರೆ ಸ್ಪೀಕರ್‌ನ ಮುಖ ಕೂತವರ ಕಡೆಗೆ ತಿರುಗಿಸಿ, ಕೆಳಗೆ ಒಂದು ಮರದ ತುಂಡು ಕೊಟ್ಟರೆ ಆಯಿತು. ಶೋಕೇಸಿನ ಗೂಡಿನ ಒಳಗೆ ತಳ್ಳಬೇಡಿ, ಮುಂಚೂಣಿಗೆ ತನ್ನಿ. ಎದುರಿನ ಎಡಬಲಗಳ ನಡುವಿನ ಅಂತರ, ನೀವು ಕೂತ ಜಾಗಕ್ಕೆ ಅವು ಎಷ್ಟು ದೂರವೋ ಅಷ್ಟೇ ಇರಲಿ, ಇಲ್ಲವೇ ಸ್ವಲ್ಪ ಕಡಿಮೆ ಇರಲಿ.

ವಯರ್‌ನಲ್ಲಿ ಕೆಂಪಿಗೆ ಕೆಂಪು, ಕರಿಗೆ ಕರಿ. ಒಂದು ಸ್ಪೀಕರ್‌ಗೆ ಅದಲುಬದಲಾದರೆ ಸದ್ದು ಹೊಂದದೆ ತೆಳ್ಳಗಾಗುತ್ತದೆ, ಕಾರಣ ಹೊರಗೆ ಕಾಣುವುದಿಲ್ಲ. ವಯರ್‌ಗಳನ್ನು ನೆಲಕ್ಕೆ ಬಿಡದೆ ಪಟ್ಟಿಯೊಳಗೆ ಒಯ್ಯಿರಿ, ಇಲಿ ಕಾಟ ಯಾರ ಮನೆಯಲ್ಲಿಲ್ಲ? ವಯರ್‌ಲೆಸ್ ಸರೌಂಡ್ ಎಂದು ಮಾರುವುದಕ್ಕೂ ಒಂದೊಂದು ಪ್ಲಗ್ ಪಾಯಿಂಟ್ ಬೇಕೇ ಬೇಕು. ಆ ಗೋಡೆಗೆ ಪಾಯಿಂಟ್ ಇದೆಯೇ ಎಂದು ನೋಡಿಕೊಂಡೇ ದುಡ್ಡು ಕೊಡಿ. ಸಿಡಿಲಿನ ಮಳೆ ಬಂದಾಗ ಪ್ಲಗ್ ಕಿತ್ತಿಡಿ.

ಕೌದಿಯ ಔಷಧ

ಪಡಸಾಲೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಟಣ್ ಎಂದು ಬಾಲ ಹಿಡಿದು ಸದ್ದು ಉಳಿದರೆ ಅದೇ ಪ್ರತಿಧ್ವನಿ. ಹೊಸ ಮನೆಗಳ ಟೈಲ್ಸ್ ನೆಲ, ಸಿಮೆಂಟ್ ಗೋಡೆ, ಕಬ್ಬಿಣದ ಕಿಟಕಿ ಎಲ್ಲವೂ ಸದ್ದನ್ನು ತಿರುಗಿ ಎಸೆಯುತ್ತವೆ. ಒಂದು ಮಾತು ಮುಗಿಯುವ ಮೊದಲೇ ಅದರ ನೆರಳು ಮುಂದಿನ ಮಾತಿನ ಮೇಲೆ ಬೀಳುತ್ತದೆ. ಎಂಥ ದುಬಾರಿ ಸ್ಪೀಕರ್ ತಂದರೂ ಇದು ಹೋಗುವುದಿಲ್ಲ.

ಪೇಟೆಯಲ್ಲಿ ಇದಕ್ಕೆ ಫೋಮ್ ಹಲಗೆ ಮಾರುತ್ತಾರೆ. ನಮ್ಮ ಟ್ರಂಕಿನಲ್ಲಿ ಕೌದಿ ಇವೆ. ನಮ್ಮ ಅಜ್ಜಿ ಹೊಲಿದ ದಪ್ಪನೆಯ ಕೌದಿಯೊಂದನ್ನು ಟಿವಿಯ ಎದುರು ಗೋಡೆಗೆ ಹಾಕಿದೆವು. ನೆಲಕ್ಕೆ ಜಮಖಾನೆ, ಕಿಟಕಿಗೆ ದಪ್ಪ ಪರದೆ. ಚಪ್ಪಾಳೆಯ ಬಾಲ ಅಲ್ಲೇ ಕತ್ತರಿಸಿತು. ಖರ್ಚು ನಾಲ್ಕು ಮೊಳೆಯದು. ಮನೆಗೆ ಬಂದವರು ಮೊದಲು ಕೇಳುವುದು ಸ್ಪೀಕರ್ ಬಗ್ಗೆ ಅಲ್ಲ, ಕೌದಿ ಹೊಲಿದವರು ಯಾರು ಎಂದು.

ಗೋಡೆಯ ಆಚೆಗೂ ಒಂದು ಮನೆ

ನಮ್ಮ ಊರಿನ ಓಣಿಯಲ್ಲಿ ಎರಡು ಮನೆಗೆ ಒಂದೇ ಗೋಡೆ. ಏರುದನಿಯನ್ನು ಗೋಡೆ ತಡೆಯುತ್ತದೆ. ವೂಫರಿನ ಸದ್ದನ್ನು ತಡೆಯುವುದು ಕಷ್ಟ, ಅದು ಗೋಡೆಯನ್ನೇ ಅಲುಗಾಡಿಸಿಕೊಂಡು ಆಚೆ ಹೋಗುತ್ತದೆ. ಪಕ್ಕದ ಮನೆಯ ಹುಡುಗಿ ಆ ವರ್ಷ ಎಸ್ಸೆಸ್ಸೆಲ್ಸಿ. ಅವರಪ್ಪ ಒಂದು ದಿನ ಬಂದು, "ಮಾವಾ, ಮಾತು ಕೇಳಸೂದಿಲ್ರಿ, ಬರೇ ಧಡ್ ಧಡ್ ಅಷ್ಟ ಬರ್ತೈತ್ರಿ. ಹುಡುಗಿಗಿ ಓದಾಕ ಆಗವಲ್ದು" ಎಂದರು. ಜಗಳ ಮಾಡಲಿಲ್ಲ, ಮೆಲ್ಲಗೇ ಹೇಳಿದರು. ಜಗಳವಾದರೂ ಮಾಡಿದ್ದರೆ ನಮಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಜಾಗದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಡಿಜೆ ಬಗ್ಗೆ ವರದಿ ಬರೆಯುವಾಗ ನಾವೇ ಈ ನಿಯಮ ಎತ್ತಿ ಎತ್ತಿ ಬರೆದವರು. ನಮ್ಮದೇ ವೂಫರ್‌ಗೆ ಅದು ನೆನಪಾಗಿರಲಿಲ್ಲ.

ವೂಫರನ್ನು ಪಕ್ಕದ ಮನೆಯ ಗೋಡೆಗೆ ತಾಗಿಸಬೇಡಿ, ಮೂಲೆಗೂ ತಳ್ಳಬೇಡಿ, ಮೂಲೆಯಲ್ಲಿ ಅದರ ಗುಂಯ್ ಇನ್ನಷ್ಟು ಏರುತ್ತದೆ. ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ರಾತ್ರಿ ನೋಡುವಾಗ ಸೆಟ್ಟಿನಲ್ಲೋ ಟಿವಿಯಲ್ಲೋ ನೈಟ್ ಮೋಡ್ ಇದೆಯೇ ಹುಡುಕಿ. ಅದು ಜೋರು ಸದ್ದು ತಗ್ಗಿಸಿ, ಮೆಲ್ಲಗಿನ ಮಾತು ಎತ್ತಿಕೊಡುತ್ತದೆ.

ಇಲ್ಲಿ ಹುಡುಗರು ನಮ್ಮ ಮೇಲೆ ಸಿಟ್ಟಾಗಬಹುದು. "ಧಡ್ ಅನ್ನಲಿಲ್ಲಂದ್ರ ಅದೇನು ಸೌಂಡ್ರಿ?" ಎಂದು ಕೇಳುತ್ತಾರೆ. ತಪ್ಪಲ್ಲ. ಜಾತ್ರೆಯ ಡೊಳ್ಳು ಎದೆಗೆ ಬಡಿಯಬೇಕು, ಅದರ ಸುಖವೇ ಬೇರೆ. ಆದರೆ ಡೊಳ್ಳು ಬಾರಿಸುವುದು ಬಯಲಿನಲ್ಲಿ. ಯಾರೂ ಅದನ್ನು ಅಡುಗೆ ಮನೆಯಲ್ಲಿ ಬಾರಿಸುವುದಿಲ್ಲ. ಸಿನಿಮಾದಲ್ಲಿ ಗುಡುಗು ಬಂದಾಗ ವೂಫರ್ ಗುಡುಗಲಿ. ಸಾಸಿವೆ ಸಿಡಿದರೂ ಗುಡುಗಿದರೆ ಮಾತ್ರ ನಮ್ಮ ತಕರಾರು.

ಅಂಗಡಿಯಲ್ಲಿ ಏನು ಕೇಳಬೇಕು

ಅಂಗಡಿಯವರು ಹಚ್ಚುವ ಹಾಡಿಗೆ ಮರುಳಾಗಬೇಡಿ. ಅದನ್ನು ಆರಿಸಿ ಇಟ್ಟಿರುವುದೇ ನಿಮ್ಮನ್ನು ನಡುಗಿಸಲು. ನಿಮಗೆ ಚೆನ್ನಾಗಿ ಗೊತ್ತಿರುವ ಸಿನಿಮಾದ, ಇಬ್ಬರು ಮೆಲ್ಲಗೆ ಮಾತಾಡುವ ದೃಶ್ಯ ಹಚ್ಚಿಸಿ. ಮೊದಲು ವೂಫರ್ ಸೊನ್ನೆಗೆ ಇಳಿಸಲು ಹೇಳಿ. ಆಮೇಲೆ ರಾತ್ರಿ ಮನೆಯಲ್ಲಿ ಇಡುವಷ್ಟು ಕಡಿಮೆ ಸೌಂಡಿಗೆ ಇಳಿಸಿ. ಹತ್ತಡಿ ಹಿಂದೆ ನಿಲ್ಲಿ. ಪ್ರತಿ ಮಾತೂ ತಿಳಿಯಿತೇ? ಹಾಗಾದರೆ ಆ ಸೆಟ್ಟಿನ ಬೆಲೆ ಕೇಳಿ. ತಿಳಿಯಲಿಲ್ಲವೇ? ಎಷ್ಟೇ ದೀಪ ಮಿನುಗಿದರೂ ಮುಂದೆ ನಡೆಯಿರಿ.

ಪ್ರತಿ ಸ್ಪೀಕರ್‌ನ ಸೌಂಡ್ ಬೇರೆ ಬೇರೆಯಾಗಿ ಏರಿಸಿ ಇಳಿಸಲು ಬರುತ್ತದೆಯೇ ಕೇಳಿ. ನಡುವಿನದನ್ನು ಎರಡು ಗೆರೆ ಏರಿಸಿ, ಸರೌಂಡ್ ಎರಡು ಗೆರೆ ಇಳಿಸಲು ಬರುವ ಸೆಟ್ಟು ವಯಸ್ಸಾದವರಿರುವ ಮನೆಗೆ ದೊಡ್ಡ ಉಪಕಾರ. ಆರ್‌ಎಂಎಸ್ ಎಷ್ಟು, ಎಆರ್‌ಸಿ ಕಿಂಡಿ ಇದೆಯೇ, ಡಾಲ್ಬಿ ಡಿಜಿಟಲ್ ಬಿಡಿಸುತ್ತದೆಯೇ, ಕೆಟ್ಟರೆ ನಮ್ಮ ಜಿಲ್ಲೆಯಲ್ಲಿ ರಿಪೇರಿ ಸಿಗುತ್ತದೆಯೇ, ಈ ನಾಲ್ಕನ್ನು ಬಾಯಿಮಾತಲ್ಲಿ ಕೇಳಿ ಬಿಡಬೇಡಿ. ಡಬ್ಬಿಯ ಮೇಲೆ, ಬಿಲ್ಲಿನ ಮೇಲೆ ನೋಡಿ. ಬಡ್ಡಿಯಿಲ್ಲದ ಕಂತು ಎಂದರೆ ಪ್ರೊಸೆಸಿಂಗ್ ಫೀ ಎಷ್ಟು ಎಂದು ಮೊದಲು ಕೇಳಿ.

ಅಂಗಡಿಯವರೆಲ್ಲ ಮೋಸಗಾರರೆಂದು ನಾವು ಹೇಳುತ್ತಿಲ್ಲ. ನಾವು ಕೇಳಿದ್ದು ಸೌಂಡ್, ಅವರು ಕೊಟ್ಟದ್ದೂ ಸೌಂಡ್. ಮಾತು ಬೇಕೆಂದು ನಾವು ಕೇಳಿರಲೇ ಇಲ್ಲ.

ಈಗ ನಮ್ಮ ಪಡಸಾಲೆ

ಹಳೆಯ ಸೆಟ್ಟನ್ನು ಊರಿನ ಯುವಕ ಮಂಡಳಿಗೆ ಕೊಟ್ಟೆವು, ಗಣಪತಿಗೆ ಇರಲಿ ಎಂದು. ಮೈಕ್‌ಸೆಟ್ ಕಾಕಾನ ಪರಿಚಯದವರಿಂದ ಬಳಸಿದ ಆಂಪ್ಲಿಫೈಯರ್ ಒಂದನ್ನೂ ಸಣ್ಣ ಸ್ಪೀಕರ್‌ಗಳ ಸೆಟ್ಟನ್ನೂ 9,000 ರೂಪಾಯಿಗೆ ತಂದೆವು. ಸರೌಂಡ್ ಎರಡೂ ಉಪ್ಪಿನಕಾಯಿ ಭರಣಿಯಷ್ಟು ದೊಡ್ಡವು. ಮೊದಲ ದಿನ ಓಣಿಯ ಹುಡುಗರು ನೋಡಿ, "ಏನ್ ಅಣ್ಣಾರ, ಆಟಿಗಿ ಸಾಮಾನ್ ತಂದೀರಿ?" ಎಂದು ನಕ್ಕರು. ಒಂದು ಮಳೆಯ ದೃಶ್ಯ ಹಚ್ಚಿದೆವು. ಒಬ್ಬ ಎದ್ದು ಹೋಗಿ ಹೊರಗೆ ಮಳೆ ಬಂತೇ ಎಂದು ಬಾಗಿಲಲ್ಲಿ ಇಣುಕಿ ಬಂದ.

ಅವ್ವ ಈಗ ಒಳಗೇ ಕೂರುತ್ತಾಳೆ. ಮಂಚದ ಮೇಲೆ, ಕೌದಿಯ ಗೋಡೆಗೆ ಒರಗಿ. ಮಾತು ತಿಳಿಯುವುದರಿಂದ ಈಗ ಧಾರಾವಾಹಿಯ ಅತ್ತೆಗೆ ಬೈಯುತ್ತಾಳೆ, ಮುಂದೆ ಏನಾಗುತ್ತದೆ ಎಂದು ನಮಗಿಂತ ಮೊದಲೇ ಹೇಳುತ್ತಾಳೆ. ಮೂರು ವರ್ಷ ಕಟ್ಟೆಯ ಮೇಲೆ ಕೂರಿಸಿದ್ದಕ್ಕೆ ನಾವು ಇನ್ನೂ ಆಕೆಯ ಬಳಿ ತಪ್ಪಾಯಿತು ಎಂದಿಲ್ಲ. ಎದುರಿಗೆ ಹೇಳಲು ಬಾಯಿ ಬರುವುದಿಲ್ಲ, ಅದಕ್ಕೆ ಇಲ್ಲಿ ಬರೆದಿದ್ದೇವೆ.

ಈ ಸುಗ್ಗಿಗೆ ನೀವೂ ಪೇಟೆಗೆ ಹೊರಟಿದ್ದರೆ ಒಂದೇ ಮಾತು. ಡಬ್ಬಿಯ ಮೇಲಿನ ವ್ಯಾಟ್ ಓದುವ ಹುಡುಗನೊಬ್ಬನನ್ನೇ ಕರೆದುಕೊಂಡು ಹೋಗಬೇಡಿ. ಅವ್ವನನ್ನೂ ಕರೆದುಕೊಂಡು ಹೋಗಿ. ಅಂಗಡಿಯಲ್ಲಿ ಒಂದು ಕುರ್ಚಿ ಹಾಕಿಸಿ, ಕೂರಿಸಿ, ಮಾತಿನ ದೃಶ್ಯ ಹಚ್ಚಿಸಿ. "ತಿಳೀತೇನವ್ವಾ?" ಎಂದು ಕೇಳಿ. ಆಕೆ ಹೂಂ ಎಂದ ಸೆಟ್ಟನ್ನೇ ತನ್ನಿ.